ಸಾವಿರದ ಇಪ್ಪತ್ತಾರನೆಯ ನಂಬರು

ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಗಳನ್ನು ತಿದ್ದಲು ಪ್ರತಿ ಬೇಸಿಗೆಯಲ್ಲೂ ನಾವು ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತೇವೆ. ಸೆಕೆ, ಕಿರ್‌ಗುಟ್ಟುವ ಫ್ಯಾನು, ಕೆಂಪು ಶಾಯಿಯ ಪೆನ್ನು, ಹನ್ನೊಂದು ಗಂಟೆಗೆ ಬರುವ ಸಿಹಿ ಹೆಚ್ಚಾದ ಚಹಾ. ನಮ್ಮೆದುರು ಇರುವ ಪತ್ರಿಕೆಯಲ್ಲಿ ಮಗುವಿನ ಹೆಸರಿಲ್ಲ, ಊರಿಲ್ಲ, ಶಾಲೆಯಿಲ್ಲ. ಒಂದು ಸಂಖ್ಯೆ, ಅದರ ಕೆಳಗೆ ಮಗುವಿನ ಕೈಬರಹ. ಬರೆದದ್ದು ತಹಸೀಲ್ದಾರರ ಮಗಳೋ, ಕುರಿ ಕಾಯುವವನ ಮಗನೋ, ಕೆಂಪು ಪೆನ್ನಿಗೆ ಗೊತ್ತಾಗುವುದಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ ನಾನು ಆ ಸಂಖ್ಯೆಯ ಬೆಲೆ ಏನೆಂದು ಯೋಚಿಸಿದ್ದು ತೀರ ಈಚೆಗೆ, ಅದೂ ನನ್ನದಲ್ಲದ ಒಂದು ವಿದ್ಯೆಯ ಮಾತಿನಿಂದ.

ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮನೆಗೆ ಬಂದರು. ಇಲ್ಲಿಯವರೇ, ದೊಡ್ಡಬೆಳವಂಗಲದವರೇ, ದೊಡ್ಡಬಳ್ಳಾಪುರದಲ್ಲಿ ಎರಡು ಪವರ್‌ಲೂಮ್ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯಿಸುತ್ತಾರೆ. ಮಗಳು ಐದು ವರ್ಷ ಓದಿ ಆರ್ಕಿಟೆಕ್ಟ್ ಆಗಿ, ಬೆಂಗಳೂರಿನ ಒಂದು ಕಚೇರಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಕಾಫಿ ಕುಡಿದು ಲೋಟ ಕೆಳಗಿಟ್ಟು ಅವರು ಹೇಳಿದ್ದಿಷ್ಟು: "ಹಗಲೆಲ್ಲಾ ಆಫೀಸು ಮೇಡಂ. ರಾತ್ರಿ ಹನ್ನೆರಡು, ಒಂದು ಗಂಟೆವರ್ಗೂ ಅದ್ಯಾವ್ದೋ ಕಾಂಪಿಟೇಶನ್ನಿಗೆ ಅಂತ ಗೀಚ್ತಾಳೆ. ಸ್ನೇಹಿತರು ಇಬ್ರು ಸೇರ್ಕಂಡವ್ರೆ. ನಾಲ್ಕು ಸಲ ಹಾಕಿದ್ರು, ಒಂದರಲ್ಲೂ ಬರ್ಲಿಲ್ಲ. ಸೇರಕ್ಕೆ ಫೀಜು ಬೇರೆ. ದುಡ್ಡು ಕಟ್ಟಿ ಸೋಲ್ತಾವ್ರೆ! ನೀವಾದ್ರೂ ಒಂದು ಮಾತು ಹೇಳಿ."

ಹೇಳುತ್ತೇನೆ ಎಂದೆ. ದುಡ್ಡು ಕಟ್ಟಿ ಸೋಲುವುದು ಎಂಬ ಮಾತು ನನಗೂ ನ್ಯಾಯವಾಗಿಯೇ ಕಂಡಿತು.

ಗೌರಿ ಹಬ್ಬಕ್ಕೆ ಹುಡುಗಿ ಊರಿಗೆ ಬಂದಾಗ ಕರೆಸಿ ಕೇಳಿದೆ. "ಏನೇ ಇದು, ಕಣ್ಣ ಕೆಳಗೆ ನೋಡು ಹೇಗೆ ಕಪ್ಪಾಗಿದೆ. ಯಾರಿಗೋಸ್ಕರ ಇದೆಲ್ಲ?" ಅವಳು ನಕ್ಕಳು. "ಮೇಡಂ, ಮೂರು ವರ್ಷದಿಂದ ಆಫೀಸಲ್ಲಿ ನಾನು ಬರೆದಿರೋದು ಏನು ಗೊತ್ತಾ? ಮೆಟ್ಟಿಲು, ಟಾಯ್ಲೆಟ್ಟು, ಕಿಟಕಿ ಚೌಕಟ್ಟು. ಪೂರ್ತಿ ಒಂದು ಕಟ್ಟಡ ಯಾವತ್ತೂ ನನ್ನ ಕೈಗೆ ಬಂದಿಲ್ಲ. ಬರೋದಕ್ಕೆ ಇನ್ನೂ ಹತ್ತು ವರ್ಷ ಬೇಕು. ನಮ್ಮಪ್ಪನ ಮನೆ ಕಟ್ಟಿಸೋಣ ಅಂದ್ರೆ ನಮ್ಮಪ್ಪನ ಹತ್ರ ಸೈಟೂ ಇಲ್ಲ." ಆಮೇಲೆ ನನ್ನನ್ನೇ ಒಂದು ಪ್ರಶ್ನೆ ಕೇಳಿದಳು. "ಇತಿಹಾಸ ಪಾಠ ಮಾಡ್ತೀರಲ್ಲ, ಸಾವಿರದ ಇಪ್ಪತ್ತಾರನೇ ನಂಬರು ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಒಂದಷ್ಟು ದಿನ ಅದನ್ನೇ ಓದಿದೆ.

ವಿಯೆಟ್ನಾಂ ಯುದ್ಧದಲ್ಲಿ ಸತ್ತ ತನ್ನ ಸೈನಿಕರಿಗೆ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಒಂದು ಸ್ಮಾರಕ ಕಟ್ಟಬೇಕೆಂದು ಆ ಯುದ್ಧದಿಂದ ಮರಳಿದವರೇ ಹೊರಟರು. ವಿನ್ಯಾಸಕ್ಕೆ ಬಹಿರಂಗ ಸ್ಪರ್ಧೆ ಕರೆದರು. ಸತ್ತವರ, ಕಾಣೆಯಾದವರ ಹೆಸರೆಲ್ಲ ಅದರಲ್ಲಿರಬೇಕು, ಯುದ್ಧ ಸರಿಯೋ ತಪ್ಪೋ ಎಂಬ ರಾಜಕೀಯ ಅದರಲ್ಲಿರಬಾರದು ಎಂಬುದು ನಿಬಂಧನೆ. 1981ರಲ್ಲಿ 1,421 ವಿನ್ಯಾಸಗಳು ಬಂದವು. ಅವನ್ನು ಹರಡಲು ಸಭಾಂಗಣ ಸಾಲದೆ ವಾಯುಪಡೆಯ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದರಂತೆ. ಯಾವುದರ ಮೇಲೂ ಹೆಸರಿಲ್ಲ, ಬರೀ ನಂಬರು. ಎಂಟು ಜನ ತೀರ್ಪುಗಾರರು ಸಾಲು ಸಾಲು ನಡೆದು ನೋಡಿ, ಕೊನೆಗೆ ಒಮ್ಮತದಿಂದ 1026ನೇ ನಂಬರನ್ನು ಆರಿಸಿದರು. ಆಮೇಲೆ ಹೆಸರು ನೋಡಿದರೆ ಮಾಯಾ ಲಿನ್, ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿದ್ದ 21 ವರ್ಷದ ಹುಡುಗಿ. ತಂದೆತಾಯಿ ಚೀನಾದಿಂದ ಬಂದು ಓಹಿಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ನೆಲೆಸಿದವರು. ತರಗತಿಯ ಅಭ್ಯಾಸಕ್ಕೆಂದು ಮಾಡಿದ ಕೆಲಸವನ್ನೇ ಆಕೆ ಸ್ಪರ್ಧೆಗೂ ಕಳಿಸಿದ್ದಳು. ಆ ಕೆಲಸಕ್ಕೆ ತರಗತಿಯಲ್ಲಿ 'ಎ' ದರ್ಜೆ ಬಂದಿರಲಿಲ್ಲ. ದರ್ಜೆ ಕೊಟ್ಟ ಮೇಷ್ಟರೂ ಅದೇ ಸ್ಪರ್ಧೆಗೆ ಹಾಕಿದ್ದರು, ಗೆಲ್ಲಲಿಲ್ಲ. ಇದನ್ನು ಓದುವಾಗ ಮೇಷ್ಟರ ಜಾತಿಯವಳಾದ ನನಗೆ ಸ್ವಲ್ಪ ಇರುಸುಮುರುಸಾಯಿತು. ನಾನು ಎಷ್ಟು ಮಕ್ಕಳಿಗೆ 'ಬಿ' ಹಾಕಿದ್ದೇನೋ!

ಆಕೆಯ ಹಾಳೆಯಲ್ಲಿ ಇದ್ದದ್ದು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದ ಮಸುಕು ಚಿತ್ರಗಳು, ಜೊತೆಗೆ ಒಂದು ಬರಹ. ನೆಲವನ್ನು ಸೀಳಿದಂತೆ ಎರಡು ಕಪ್ಪು ಗೋಡೆ, ಕೋನವಾಗಿ ಕೂಡುವವು. ಕುದುರೆಯಿಲ್ಲ, ಖಡ್ಗವಿಲ್ಲ, ಧ್ವಜವಿಲ್ಲ. ಐವತ್ತೇಳು ಸಾವಿರಕ್ಕೂ ಮೀರಿದ ಹೆಸರುಗಳು, ಸತ್ತ ಕ್ರಮದಲ್ಲಿ. ಗೋಡೆಯ ಹೊಳಪಿನಲ್ಲಿ ಹೆಸರಿನ ಜೊತೆ ಓದುವವರ ಮುಖವೂ ಕಾಣಬೇಕು.

ಹಾಗೆ ಹೊಳೆಯುವ ಕರಿಕಲ್ಲು ಎಲ್ಲಿ ಸಿಗಬೇಕು? ಕೆನಡಾದಲ್ಲಿತ್ತು, ಸ್ವೀಡನ್ನಿನಲ್ಲಿತ್ತು, ಆದರೆ ಯುದ್ಧಕ್ಕೆ ಬರಲೊಲ್ಲದ ಅಮೆರಿಕದ ಹುಡುಗರು ಓಡಿಹೋಗಿ ಆಶ್ರಯ ಪಡೆದದ್ದು ಆ ದೇಶಗಳಲ್ಲಿ, ಆದ್ದರಿಂದ ಅಲ್ಲಿಯ ಕಲ್ಲು ಬೇಡವಾಯಿತು. ಕೊನೆಗೆ ಕಲ್ಲು ಹೋದದ್ದು ನಮ್ಮ ಬೆಂಗಳೂರಿನಿಂದ. ಓದುತ್ತಿದ್ದವಳು ಅಲ್ಲಿಗೇ ನಿಂತೆ. ನಮ್ಮ ಸುತ್ತಿನ ಕ್ವಾರಿಗಳಿಂದ ಕಲ್ಲು ಹೇರಿಕೊಂಡು ಹೋಗುವ ಲಾರಿಗಳ ಧೂಳನ್ನು ನಾನು ಚಿಕ್ಕಂದಿನಿಂದ ಕುಡಿದಿದ್ದೇನೆ. ಕಪ್ಪು ಕಲ್ಲೆಂದರೆ ನನಗೆ ಒರಳು, ರುಬ್ಬುಗುಂಡು, ದೇವರ ವಿಗ್ರಹ. ಬೆಂಗಳೂರ ನೆಲದಿಂದ ಎದ್ದ ಕಲ್ಲು ಹಡಗು ಹತ್ತಿ, ವರ್ಮಾಂಟಿನಲ್ಲಿ ಕೊಯ್ಸಿಕೊಂಡು, ಮೆಂಫಿಸ್ಸಿನಲ್ಲಿ ಹೆಸರು ಕೆತ್ತಿಸಿಕೊಂಡು ನಿಂತದ್ದು 1982ರ ನವೆಂಬರಿನಲ್ಲಿ. ಪರದೇಶದ ತಾಯಂದಿರು ಮಗನ ಹೆಸರನ್ನು ಬೆರಳಿನಿಂದ ಸವರುತ್ತಿರುವುದು ಇಲ್ಲಿಂದ ಹೋದ ಕಲ್ಲನ್ನು.

ಗೆದ್ದ ಮೇಲೆ ಮಾಯಾ ಲಿನ್‌ಗೆ ನೆಮ್ಮದಿಯೇನೂ ಸಿಗಲಿಲ್ಲ. ಕಪ್ಪು ಗೋಡೆ ಅವಮಾನದ ಗುರುತು ಎಂದು ಕೆಲವರು ಬೈದರು, ಆಕೆಯ ಮುಖಚರ್ಯೆಯನ್ನೂ ಎತ್ತಿ ಆಡಿದರು. ಕೊನೆಗೆ ರಾಜಿಯೆಂದು ಮೂವರು ಸೈನಿಕರ ಕಂಚಿನ ಪ್ರತಿಮೆಯೊಂದನ್ನು 1984ರಲ್ಲಿ ಹತ್ತಿರದಲ್ಲೇ ನಿಲ್ಲಿಸಿದರು. ಹಾಳೆಯ ಮೇಲೆ ನಂಬರಿನ ಬದಲು ತನ್ನ ಹೆಸರಿದ್ದಿದ್ದರೆ ತಾನು ಗೆಲ್ಲುತ್ತಿರಲಿಲ್ಲ ಎಂದು ಆಕೆ ಆಮೇಲೆ ಹೇಳಿಕೊಂಡಿದ್ದಾಳೆ. ನನಗೆ ಮೌಲ್ಯಮಾಪನ ಕೇಂದ್ರ ನೆನಪಾದದ್ದು ಈ ಮಾತಿನಿಂದ.

ಕಟ್ಟಡದ ಕೆಲಸ ಸಿಗುವುದು ಪರಿಚಯದಿಂದ. ಮಾವ ಮನೆ ಕಟ್ಟಿಸುತ್ತಾರೆ, ಮಾವನ ಸ್ನೇಹಿತರು ಛತ್ರ ಕಟ್ಟಿಸುತ್ತಾರೆ, ಛತ್ರ ನೋಡಿದವರು ಆಸ್ಪತ್ರೆ ಕಟ್ಟಿಸುತ್ತಾರೆ. ಅಂಥ ಮಾವ ಇಲ್ಲದವರ ಪಾಡೇನು? ಗುತ್ತಿಗೆಗೆ ಅರ್ಜಿ ಹಾಕೋಣವೆಂದರೆ ಹಿಂದೆ ಎಷ್ಟು ಕೋಟಿಯ ಕೆಲಸ ಮಾಡಿದ್ದೀರಿ ಎಂದು ಕೇಳುತ್ತಾರೆ. ಈಜು ಬಂದ ಮೇಲೆ ನೀರಿಗಿಳಿ ಎಂದಂತೆ. ಹೆಸರು ಮುಚ್ಚಿದ ಸ್ಪರ್ಧೆಯಲ್ಲಿ ಮಾತ್ರ ಆ ಪ್ರಶ್ನೆ ಏಳುವುದಿಲ್ಲ.

ಕಟ್ಟುವವರ ಪೈಪೋಟಿ ಈಗಿನ ಕಾಲದ್ದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲದಲ್ಲಿ ರೂವಾರಿಗಳು ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನದಿದೆ. ಬರೀ ಹೆಸರಲ್ಲ, ಬಿರುದೂ ಉಂಟು. ಬಿರುದಾಂಕಿತ ರೂವಾರಿಗಳೆಂಬ ಮನ್ಮಥನಿಗೆ ತಾನು ಶಿವ ಎಂಬಂಥ ಜಂಬ! ಎದುರಾಳಿಗಳು ಪಕ್ಕದ ಕಂಬದಲ್ಲೇ ಉಳಿ ಹಿಡಿದು ಕೂತಿರದಿದ್ದರೆ ಇಂಥ ಬಿರುದು ಹುಟ್ಟುತ್ತಿತ್ತೇ? ಜಕಣಾಚಾರಿ ಇದ್ದನೆನ್ನುವುದಕ್ಕೆ ಶಾಸನದ ಆಧಾರವಿಲ್ಲ ಎನ್ನುತ್ತಾರೆ ವಿದ್ವಾಂಸರು. ಇರಲಿ, ಗುರುತು ಪರಿಚಯವಿಲ್ಲದ ಹುಡುಗನೊಬ್ಬ ಬಂದು ಮಹಾಶಿಲ್ಪಿಯ ಕಲ್ಲಿನಲ್ಲಿ ಕಪ್ಪೆಯಿದೆ ಎಂದು ತೋರಿಸಿದ ಆ ಕತೆಯನ್ನು ನಮ್ಮ ಜನ ಇಷ್ಟು ಕಾಲ ಉಳಿಸಿಕೊಂಡು ಬಂದದ್ದಂತೂ ನಿಜ. ಹೆಸರಿಲ್ಲದವನು ಗೆಲ್ಲುವುದನ್ನು ನೋಡಲು ಎಲ್ಲರಿಗೂ ಆಸೆ.

ಬೆಂಗಳೂರಿನ ಉದಾಹರಣೆಯೂ ಇದೆ, ನಾನು ಕಣ್ಣಾರೆ ಕಂಡದ್ದು. 2022ರ ಡಿಸೆಂಬರಿನಲ್ಲಿ ಪಿಂಚಣಿಯ ವಿಷಯಕ್ಕೆ ಸರ್ಕಾರಿ ನೌಕರರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದಾಗ ಸಹೋದ್ಯೋಗಿಗಳ ಜೊತೆ ಒಂದು ದಿನ ನಾನೂ ಹೋಗಿದ್ದೆ. ಮಧ್ಯಾಹ್ನ ಬುತ್ತಿ ಉಂಡು, ಭಾಷಣದಿಂದ ಸ್ವಲ್ಪ ತಪ್ಪಿಸಿಕೊಂಡು ಒಳಗೆ ಸುತ್ತಾಡಿದೆ. ಅದು ಹಿಂದಿನ ಸೆಂಟ್ರಲ್ ಜೈಲು. 1860ರ ದಶಕದಲ್ಲಿ ಬ್ರಿಟಿಷರ ಆಡಳಿತದಲ್ಲಿ ಕಟ್ಟಿದ್ದು; ನಡುವೆ ಕಾವಲು ಗೋಪುರ, ಅದರ ಸುತ್ತ ಚಕ್ರದ ಅರೆಕಾಲುಗಳಂತೆ ಬ್ಯಾರಕ್ಕುಗಳು, ಒಬ್ಬ ನಿಂತು ಎಲ್ಲರನ್ನೂ ಕಾಯುವ ಹಾಗೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟದ್ದು ಇಲ್ಲಿಯೇ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಉಬ್ಬಸದ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದೂ ಇಲ್ಲಿಯೇ. 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಕ್ಕೆ ತೀರಿಕೊಂಡರು.

ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, ನಗರದ ನಟ್ಟನಡುವೆ ಉಳಿದ ಈ ಇಪ್ಪತ್ತು ಎಕರೆ ಚಿಲ್ಲರೆ ಜಾಗವನ್ನು ಏನು ಮಾಡುವುದು ಎಂಬುದಕ್ಕೆ 2003ರಲ್ಲಿ ವಿನ್ಯಾಸ ಸ್ಪರ್ಧೆ ನಡೆಯಿತು. ಗೆದ್ದವರು ಬೆಂಗಳೂರಿನ ನಿಶಾ ಮ್ಯಾಥ್ಯೂ ಮತ್ತು ಸೌಮಿತ್ರೊ ಘೋಷ್ ದಂಪತಿ. ಅವರ ಕಚೇರಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಜೈಲನ್ನು ಪೂರ್ತಿ ಕೆಡವಿ ಹೂದೋಟ ಮಾಡಬಹುದಿತ್ತು. ಇವರು ಗೋಪುರವನ್ನು ಉಳಿಸಿದರು, ಬ್ಯಾರಕ್ಕಿನ ನೆನಪನ್ನು ಉಳಿಸಿದರು, ಹಳೆಯ ಗೋಡೆಯ ಜಾಡು ಬಿಡದೆ ಹೊಸದನ್ನು ಸೇರಿಸಿದರು. ಜನ ಬಂದು ಕೂತು ಸರ್ಕಾರವನ್ನು ಪ್ರಶ್ನಿಸಲೂ ಅಲ್ಲಿ ಒಂದು ಭಾಗವಿದೆ. ಪಾರ್ಕು ತೆರೆದದ್ದು 2008ರ ನವೆಂಬರಿನಲ್ಲಿ. ಹಾಳೆಯಿಂದ ನೆಲಕ್ಕಿಳಿಯಲು ಐದು ವರ್ಷ.

ಅವತ್ತು ನಾನು ಆ ಗೋಪುರದ ಕೆಳಗೆ ನಿಂತು, ಹೊರಗಿನ ಮೈಕಿನ ಕೂಗು ಕೇಳುತ್ತಾ, ಬಾಯಿ ಮುಚ್ಚಿಸಲು ಕಟ್ಟಿದ ಜಾಗದಲ್ಲಿ ಬಾಯಿ ಬಿಡಲು ಜಾಗ ಮಾಡಿದವರು ಯಾರಪ್ಪಾ ಎಂದುಕೊಂಡಿದ್ದೆ. ಈಗಂತೂ ಬೆಂಗಳೂರಿನಲ್ಲಿ ಧರಣಿಯೆಂದರೆ ಫ್ರೀಡಂ ಪಾರ್ಕೇ, ಬೇರೆ ಕಡೆ ಅಪ್ಪಣೆಯಿಲ್ಲ. ಪ್ರತಿಭಟನೆಗೆಂದು ಬಿಟ್ಟ ಜಾಗವೇ ಪ್ರತಿಭಟನೆಗೆ ಬೇಲಿಯಾದೀತೆಂದು ವಿನ್ಯಾಸ ಬರೆಯುವಾಗ ಯಾರು ಎಣಿಸಿಯಾರು?

ಗೆದ್ದವರಿಗೆಲ್ಲ ಇಷ್ಟೂ ಸಿಗುವುದಿಲ್ಲ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ 1986ರಲ್ಲಿ ಜಗತ್ತಿಗೇ ಸ್ಪರ್ಧೆ ಕರೆದು, ಅಮೆರಿಕದ ರಾಲ್ಫ್ ಲರ್ನರ್ ಅವರ ವಿನ್ಯಾಸ ಆರಿಸಿದರು. ಅದರಲ್ಲಿ ಒಂದು ಪಾಲು ಮಾತ್ರ ಎದ್ದು ನಿಂತಿತು. ಆಸ್ಟ್ರೇಲಿಯದ ಸಿಡ್ನಿ ಒಪೆರಾ ಹೌಸ್ ಚಿತ್ರ ನೋಡದ ಮಕ್ಕಳಿಲ್ಲ. 1957ರಲ್ಲಿ 233 ವಿನ್ಯಾಸಗಳ ನಡುವೆ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸೋನ್‌ಗೆ ಆಗ 38 ವರ್ಷ. ಆಮೇಲೆ ಖರ್ಚಿನ ಜಗಳ, ಸರ್ಕಾರದ ಜೊತೆ ಮನಸ್ತಾಪ. 1966ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟುಹೋದರು. 1973ರಲ್ಲಿ ಕಟ್ಟಡ ಉದ್ಘಾಟನೆಯಾಯಿತು. 2008ರಲ್ಲಿ ಸಾಯುವವರೆಗೂ ಉಟ್ಸೋನ್ ಅದನ್ನು ನೋಡಲು ಮತ್ತೆ ಹೋಗಲೇ ಇಲ್ಲ.

ಗೆದ್ದವರ ಕತೆ ಹೀಗಾದರೆ ಸೋತವರದು? ವಾಷಿಂಗ್ಟನ್ನಿನ ಲೆಕ್ಕವನ್ನೇ ನಾನು ಒಂದು ರಾತ್ರಿ ಹಾಕಿ ನೋಡಿದೆ. 1,420 ಹಾಳೆಗಳು ಸೋತವು. ಒಂದೊಂದಕ್ಕೆ ಒಂದು ತಿಂಗಳ ದುಡಿಮೆ ಎಂದರೂ ನೂರಾಹದಿನೆಂಟು ವರ್ಷದ ಕೆಲಸ, ಸಂಬಳವಿಲ್ಲದೆ. ಯಾವ ಗಾರೆಯವನನ್ನೂ ನಾವು ಹೀಗೆ ದುಡಿಸುವುದಿಲ್ಲ. ಹತ್ತು ಜನ ಗೋಡೆ ಕಟ್ಟಿ, ಚೆನ್ನಾಗಿರುವ ಒಂದಕ್ಕೆ ಮಾತ್ರ ಕೂಲಿ ಕೊಡುತ್ತೇನೆ ಎಂದರೆ ಕರಣೆ ಎಸೆದು ಹೋಗುತ್ತಾರೆ. ನಂಬರು ಹೆಸರನ್ನು ಮುಚ್ಚಬಹುದು, ಆದರೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತು ಬರೆಯಬಲ್ಲವರು ಯಾರು, ಪಿ.ಜಿ. ಬಾಡಿಗೆ ಕಟ್ಟಬೇಕಾದವರು ಯಾರು ಎಂಬ ವ್ಯತ್ಯಾಸವನ್ನು ಮುಚ್ಚುವುದಿಲ್ಲ. ಇದನ್ನು ಅವಳಿಗೆ ಫೋನಿನಲ್ಲಿ ಹೇಳಿಯೂ ಹೇಳಿದೆ. "ನಿಜ ಮೇಡಂ" ಎಂದಳು, ವಾದ ಮಾಡಲಿಲ್ಲ. "ಅದಕ್ಕೇ ಈಗ ನಾವು ವರ್ಷಕ್ಕೆ ಎರಡೇ ಅಂತ ಇಟ್ಕೊಂಡಿದೀವಿ. ಕರೆದವರು ಯಾರು, ತೀರ್ಪುಗಾರರು ಯಾರು, ಕಟ್ಟಿಸೋಕೆ ದುಡ್ಡಿದೆಯಾ ಅಂತ ಮೊದಲು ನೋಡ್ತೀವಿ. ತೀರ್ಪುಗಾರರ ಹೆಸರೇ ಹಾಕದಿದ್ರೆ ನಾವು ಹೋಗಲ್ಲ."

ಸೋತು ಏನು ಸಿಕ್ಕಿತು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ಹೊಸದು. ಒಂದು ಸ್ಪರ್ಧೆ ಸಂತೆ ಮಾಳದ ವಿನ್ಯಾಸದ್ದಂತೆ. ಅದಕ್ಕಾಗಿ ಮೂರು ವಾರ ಸಂತೆಗೆ ಹೋಗಿ ಬೆಳಗಿನಿಂದ ಕೂತಿದ್ದಳು. ಸೊಪ್ಪಿನವರು ನೆರಳು ಹುಡುಕುತ್ತಾ ಎಷ್ಟು ಸಲ ಜಾಗ ಬದಲಿಸುತ್ತಾರೆ, ಕುರಿ ಕೋಳಿ ಯಾವ ಕಡೆಯಿಂದ ಬರುತ್ತವೆ, ಹೆಂಗಸರು ನೀರಿಗೆ, ಬಯಲಿಗೆ ಎಲ್ಲಿಗೆ ಹೋಗುತ್ತಾರೆ ಎಂದು ಬರೆದುಕೊಂಡಿದ್ದಳು. "ಚಿಕ್ಕಂದಿನಿಂದ ಸಂತೆಗೆ ಹೋಗಿದ್ದೀನಿ ಮೇಡಂ, ನೋಡಿದ್ದು ಇದೇ ಮೊದಲು." ಬಹುಮಾನ ಬರಲಿಲ್ಲ. ಫಲಿತಾಂಶದ ಜೊತೆ ಗೆದ್ದವರ ಹಾಳೆ ಪ್ರಕಟವಾಯಿತು. ಅವಳು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದು ಮಳೆನೀರಿನ ಬಗ್ಗೆ, ಮಾಡು ಅಷ್ಟು ಅಗಲವಾದರೆ ನೀರು ಎಲ್ಲಿ ಬೀಳಬೇಕು ಎಂದು. ಗೆದ್ದವರು ಮಾಡನ್ನೇ ಒಡೆದು ಸಣ್ಣ ಸಣ್ಣ ಕೊಡೆಗಳಂತೆ ಮಾಡಿ, ನಡುವಿನ ಚರಂಡಿಯಲ್ಲಿ ನೀರು ಹರಿಸಿ, ತೊಟ್ಟಿ ತುಂಬಿಸಿದ್ದರು. "ಅದನ್ನು ನೋಡಿ ಹೊಟ್ಟೆ ಉರೀತು. ಆದರೆ ಅದು ಎಷ್ಟು ಚೆನ್ನಾಗಿದೆ ಅಂತ ಗೊತ್ತಾಗಿದ್ದು ನಾನು ಒದ್ದಾಡಿದ್ದರಿಂದ."

ಈ ಮಾತನ್ನು ನಾನು ಒಪ್ಪಲೇಬೇಕಾಯಿತು. ಲೆಕ್ಕ ಬಿಡಿಸಲು ಹೋಗಿ ಅರ್ಧಕ್ಕೆ ಸಿಕ್ಕಿಕೊಂಡ ಹುಡುಗನಿಗೆ ಕರಿಹಲಗೆಯ ಮೇಲಿನ ಉತ್ತರ ಕಾಣುವ ರೀತಿಯೇ ಬೇರೆ. ಸುಮ್ಮನೆ ಕೂತಿದ್ದವನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾನೆ, ಅಷ್ಟೆ. ಇನ್ನೂ ಒಂದಿದೆ. ಆ ಮೂವರು, ಅವಳು ಮತ್ತು ಸ್ನೇಹಿತರಿಬ್ಬರು, ಈ ನಾಲ್ಕು ಸೋಲಿನಲ್ಲಿ ಕೂಡಿ ಕೆಲಸ ಮಾಡುವುದನ್ನು ಕಲಿತಿದ್ದಾರೆ. ಯಾರಿಗೆ ಬರೆಯಲು ಬರುತ್ತದೆ, ಯಾರು ಲೆಕ್ಕದಲ್ಲಿ ಗಟ್ಟಿ, ಯಾರು ಕೊನೆ ರಾತ್ರಿ ಸಿಡುಕುತ್ತಾರೆ ಎಂಬುದು ಗೊತ್ತಾಗಿದೆ. ಮುಂದೆ ಸ್ವಂತ ಕಚೇರಿ ತೆರೆದರೆ ಈ ಮೂವರೇ ಅಂತೆ. ದೆಹಲಿಯ ಇಂಡಿಯಾ ಗೇಟ್ ಬಳಿಯ ರಾಷ್ಟ್ರೀಯ ಯುದ್ಧ ಸ್ಮಾರಕವೂ ಸ್ಪರ್ಧೆಯಿಂದಲೇ ಬಂದದ್ದು. 2017ರಲ್ಲಿ ಗೆದ್ದದ್ದು ಚೆನ್ನೈನ ವೀಬೀ ಡಿಸೈನ್ ಲ್ಯಾಬ್ ಎಂಬ ಕಚೇರಿಯ ಯೋಗೇಶ್ ಚಂದ್ರಹಾಸನ್ ಮತ್ತು ಸಂಗಡಿಗರು. ಚಕ್ರವ್ಯೂಹದ ಹಾಗೆ ಸುತ್ತು ಸುತ್ತಾದ ಗೋಡೆಗಳು, ಅವುಗಳ ಮೇಲೆ ಮಡಿದವರ ಹೆಸರು. 2019ರ ಫೆಬ್ರವರಿ 25ರಂದು ಅದು ಉದ್ಘಾಟನೆಯಾಯಿತು. ದೆಹಲಿಯ ಕೆಲಸ ಚೆನ್ನೈಗೆ ಹೋಗಲು ಬೇರೆ ದಾರಿ ಯಾವುದಿತ್ತು ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ತಂದೆಗೆ ಇದನ್ನೆಲ್ಲ ಹೇಗೆ ಹೇಳುವುದು ಎಂಬುದು ನನಗೆ ಉಳಿದ ಚಿಂತೆ. ದೀಪಾವಳಿ ಮುಂದೆ ದೊಡ್ಡಬಳ್ಳಾಪುರಕ್ಕೆ ಹೋದವಳು ಅವರ ಮಗ್ಗದ ಮನೆಗೇ ಹೋದೆ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಒಂದನ್ನು ನಿಲ್ಲಿಸಿದರು. ಕಪಾಟಿನ ಮೇಲೆ ಜಕಾರ್ಡಿನ ತೂತು ಬಿದ್ದ ರಟ್ಟುಗಳ ಕಟ್ಟುಗಳಿದ್ದವು. ಇವೇನು ಎಂದೆ. "ಹೊಸಾ ಅಂಚಿನ ಡಿಜೈನು ಮೇಡಂ. ಮಾದರಿ ಒಂದ್ ಗಜ ನೇಯ್ದು ವ್ಯಾಪಾರಿಗಳಿಗೆ ತೋರಿಸ್ತೀವಿ. ಹಿಡಿಸಿದ್ರೆ ಆರ್ಡರು, ಇಲ್ದಿದ್ರೆ ಇಲ್ಲ." ಎಷ್ಟು ಹಿಡಿಸುತ್ತವೆ ಎಂದು ಕೇಳಿದೆ. ಹತ್ತಕ್ಕೆ ಒಂದೋ ಎರಡೋ ಎಂದರು. ಅದಕ್ಕೆ ರೇಷ್ಮೆ, ರಟ್ಟು, ಕೂಲಿ? "ನಮ್ದೇ." ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ, "ಆದ್ರೂ ರಾತ್ರಿ ನಿದ್ದೆಗೆಡ್ಬಾರ್ದು ಅಂತ ಹೇಳಿ" ಎಂದು ಮಗ್ಗದ ಸ್ವಿಚ್ಚು ಹಾಕಿದರು.

ನಿದ್ದೆಯ ವಿಷಯ ಹೇಳಿದ್ದೇನೆ; ಕೇಳಿದ್ದಾಳೆಂಬ ನಂಬಿಕೆಯಿಲ್ಲ. ಐದನೆಯದರ ಫಲಿತಾಂಶ ಹೋದ ತಿಂಗಳು ಬಂತು. ಮೊದಲ ಸುತ್ತಿನಲ್ಲಿ ಉಳಿದವರ ಪಟ್ಟಿಯಲ್ಲಿ ಅವರ ನಂಬರಿತ್ತು, ಬಹುಮಾನದ ಪಟ್ಟಿಯಲ್ಲಿ ಇರಲಿಲ್ಲ. ಮೊನ್ನೆ ಫೋನ್ ಮಾಡಿ, ಈಗ ಹಳ್ಳಿ ಶಾಲೆಯ ವಿನ್ಯಾಸಕ್ಕೊಂದು ಕರೆದಿದ್ದಾರೆ, ನಿಮ್ಮ ಹತ್ತಿರ ನಮ್ಮ ಶಾಲೆಯ ಹಳೇ ಫೋಟೋ ಇದ್ದರೆ ಕೊಡಿ ಮೇಡಂ ಎಂದಳು. ಮಳೆಗಾಲದಲ್ಲಿ ತೆಗೆದದ್ದೇ ಆಗಬೇಕಂತೆ, ಜಗಲಿಯ ಮೇಲೆ ಮಕ್ಕಳು ಎಲ್ಲಿ ನಿಲ್ಲುತ್ತಿದ್ದರು ಎಂದು ನೋಡಬೇಕಂತೆ. ಟ್ರಂಕು ಕೆಳಗಿಳಿಸಿ ಹುಡುಕುತ್ತಿದ್ದೇನೆ. ಸ್ವಾತಂತ್ರ್ಯ ದಿನಾಚರಣೆಯದು ಒಂದು ಸಿಕ್ಕಿದೆ, ಹಿಂದೆ ಮೋಡ ಕಾಣುತ್ತದೆ.